ಮೂರು ತೂತಿನ ಬೋರ್ಡು, ಎರಡೇ ತಂತಿ!

ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಗಳ ಬಗ್ಗೆ ಬರೆಯಬೇಕಾದ ಈ ಅಂಕಣದಲ್ಲಿ ಈ ವಾರ ಎಕ್ಸ್‌ಟೆನ್ಷನ್ ವೈರಿನ ವಿಷಯವೇಕೆ ಎಂದು ಓದುಗರು ಹುಬ್ಬೇರಿಸಬಹುದು. ವೈರು, ಪ್ಲಗ್ಗು, ಸಾಕೆಟ್ಟುಗಳೆಲ್ಲ ಎಲೆಕ್ಟ್ರೀಷಿಯನ್ನರಿಗೆ ಸೇರಿದ ವಿಷಯ ಎಂಬುದು ನಿಜ. ಆದರೆ ಆ ವೈರು ಕೈಕೊಟ್ಟಾಗ ಮನುಷ್ಯನನ್ನು ಹೊತ್ತು ತರುವುದು ಎಲೆಕ್ಟ್ರೀಷಿಯನ್ನರ ಅಂಗಡಿಗಲ್ಲ, ವೈದ್ಯರ ಬಾಗಿಲಿಗೆ. ಅಷ್ಟು ಹೊತ್ತಿಗೆ ಅನೇಕ ವೇಳೆ ವೈದ್ಯರು ಮಾಡುವಂಥದ್ದು ಏನೂ ಉಳಿದಿರುವುದಿಲ್ಲ. ಟೈಫಾಯಿಡ್‌ಗೆ ಔಷಧಿಯಿದೆ, ಹಾವಿನ ವಿಷಕ್ಕೂ ಮದ್ದಿದೆ. ಕರೆಂಟಿಗೆ ಸಿಕ್ಕಿ ನಿಂತುಹೋದ ಹೃದಯಕ್ಕೆ ಕೆಲವೇ ನಿಮಿಷಗಳ ಅವಕಾಶ. ಆದ್ದರಿಂದ ಇಲ್ಲಿ ಚಿಕಿತ್ಸೆಗಿಂತ ಮುನ್ನೆಚ್ಚರಿಕೆಯೇ ದೊಡ್ಡದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ವರದಿಗಳನ್ನು ನೋಡಿದರೆ, 2019, 2020 ಮತ್ತು 2021 ಈ ಮೂರು ವರ್ಷಗಳಲ್ಲಿ ನಮ್ಮ ದೇಶದಲ್ಲಿ ವಿದ್ಯುದಾಘಾತದಿಂದ ಸತ್ತವರ ಸಂಖ್ಯೆ ಪ್ರತಿ ವರ್ಷವೂ 12 ಸಾವಿರವನ್ನು ಮೀರಿದೆ. ಎಂದರೆ ದಿನಕ್ಕೆ ಸರಾಸರಿ ಮೂವತ್ತಕ್ಕೂ ಹೆಚ್ಚು ಮಂದಿ. ಇವರೆಲ್ಲರೂ ಎಕ್ಸ್‌ಟೆನ್ಷನ್ ವೈರಿನಿಂದಲೇ ಸತ್ತವರಲ್ಲ. ಹೊಲದ ಪಂಪ್‌ಸೆಟ್, ಹರಿದುಬಿದ್ದ ಲೈನು, ಕಂಬ ಹತ್ತಿದ ಲೈನ್‌ಮನ್ ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. ಹರಿದುಬಿದ್ದ ಲೈನಿನ ಮೇಲೆ ನಮಗೆ ನಿಮಗೆ ಹತೋಟಿಯಿಲ್ಲ. ಆದರೆ ಮನೆಯ ಪ್ಲಗ್ ಪಾಯಿಂಟಿನಿಂದ ಡ್ರಿಲ್ಲಿಂಗ್ ಮಷೀನಿನವರೆಗೆ ನೆಲದ ಮೇಲೆ ಹಾವಿನಂತೆ ಬಿದ್ದಿರುವ ಆ ವೈರು ಎಂಥದ್ದಿರಬೇಕು ಎಂಬುದು ಪೂರ್ತಿಯಾಗಿ ನಮ್ಮ ಕೈಯಲ್ಲೇ ಇದೆ.

ಹಿಂದೆ ಬಡಗಿಯ ಕೈಯಲ್ಲಿ ಉಳಿ, ಬಾಚಿ, ಗರಗಸ ಇರುತ್ತಿದ್ದವು. ಈಗ ಅವುಗಳ ಜಾಗಕ್ಕೆ ಡ್ರಿಲ್ಲು, ಕಟ್ಟರ್, ಗ್ರೈಂಡರ್, ಪ್ಲೇನರ್ ಬಂದಿವೆ. ಮನೆ ಕಟ್ಟುವಾಗ, ಟೈಲ್ಸ್ ಹಾಕಿಸುವಾಗ, ಗ್ರಿಲ್ ಕೂರಿಸುವಾಗ, ಮಾಡ್ಯುಲರ್ ಕಿಚನ್ ಮಾಡಿಸುವಾಗ ಇವು ನಮ್ಮ ಮನೆಯೊಳಗೇ ಓಡುತ್ತವೆ. ಕೆಲಸಕ್ಕೆ ಬಂದವರು ಮಷೀನಿನ ಜೊತೆಗೆ ಒಂದು ವೈರಿನ ಸುರುಳಿಯನ್ನೂ ತರುತ್ತಾರೆ. ನಾಲ್ಕು ಕಡೆ ಟೇಪು ಸುತ್ತಿದ, ಪ್ಲಗ್ಗೇ ಇಲ್ಲದ ಆ ಸುರುಳಿಯನ್ನು ನಾವು ಯಾರೂ ತಿರುಗಿ ನೋಡುವುದಿಲ್ಲ.

ದೇಹದೊಳಗೆ ಏನಾಗುತ್ತದೆ?

ಶಾಕ್ ಹೊಡೆಯುವುದೆಂದರೆ ದೇಹವೇ ವೈರಿನ ಒಂದು ತುಂಡಾಗುವುದು. ಎಷ್ಟು ಕರೆಂಟು, ಎಷ್ಟು ಹೊತ್ತು, ಯಾವ ದಾರಿಯಲ್ಲಿ ಹರಿಯಿತು ಎಂಬುದರ ಮೇಲೆ ಬದುಕುವುದು ಸಾಯುವುದು ನಿರ್ಧಾರವಾಗುತ್ತದೆ.

ಒಂದು ಆಂಪಿಯರಿನ ಸಾವಿರದಲ್ಲೊಂದು ಭಾಗಕ್ಕೆ ಮಿಲಿ ಆಂಪಿಯರ್ ಎನ್ನುತ್ತಾರೆ. ಸುಮಾರು 1 ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ. 10ರಿಂದ 16ರ ಹೊತ್ತಿಗೆ ಸ್ನಾಯುಗಳು ಸೆಟೆದುಕೊಂಡು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ಅಂಗೈ ಮುಚ್ಚುವ ಸ್ನಾಯುಗಳು ಬಿಚ್ಚುವ ಸ್ನಾಯುಗಳಿಗಿಂತ ಬಲಶಾಲಿಯಾದ್ದರಿಂದ ಮುಷ್ಟಿ ಇನ್ನಷ್ಟು ಬಿಗಿಯಾಗುತ್ತದೆ. 'ಕರೆಂಟು ಹಿಡಿದುಕೊಂಡಿತು' ಎಂದು ಜನ ಹೇಳುವುದು ಇದನ್ನೇ. ಇನ್ನೂ ಹೆಚ್ಚಾದರೆ ಉಸಿರಾಟದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. 50ರಿಂದ 100 ಮಿಲಿ ಆಂಪಿಯರ್ ದಾಟಿ ಎದೆಯ ಮೂಲಕ ಹರಿದರೆ ಹೃದಯ ತನ್ನ ತಾಳ ಕಳೆದುಕೊಂಡು ಬರೀ ಅದುರತೊಡಗುತ್ತದೆ, ರಕ್ತವನ್ನು ತಳ್ಳುವುದಿಲ್ಲ. ಒಂದು ಕೈಯಿಂದ ಇನ್ನೊಂದು ಕೈಗೆ, ಕೈಯಿಂದ ಕಾಲಿಗೆ ಹೋಗುವ ಕರೆಂಟು ಎದೆಯನ್ನು ಹಾದೇ ಹೋಗುತ್ತದೆ. ಡ್ರಿಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ನೆಲದ ಮೇಲೆ ನಿಂತವನ ಸ್ಥಿತಿಯನ್ನು ಊಹಿಸಿಕೊಳ್ಳಿ.

ಈ ಲೆಕ್ಕ ಎಷ್ಟು ಅಲ್ಪ ಎಂದು ತಿಳಿಯಬೇಕಾದರೆ, ರಾತ್ರಿ ಉರಿಸುತ್ತಿದ್ದ ಹಳೆಯ ಜೀರೊ ಬಲ್ಬನ್ನು ನೆನಪಿಸಿಕೊಳ್ಳಿ. ಹೆಸರು ಜೀರೊ ಆದರೂ ಅದು ಸುಮಾರು 15 ವ್ಯಾಟಿನದು. ಅದು ಎಳೆಯುತ್ತಿದ್ದ ಕರೆಂಟು 65 ಮಿಲಿ ಆಂಪಿಯರ್. ಆ ಮಿಣುಕು ದೀಪ ಉರಿಯಲು ಬೇಕಾದಷ್ಟು ಕರೆಂಟು ಮನುಷ್ಯನ ಹೃದಯವನ್ನು ನಿಲ್ಲಿಸಬಲ್ಲದು!

'ನನಗೆ ಎಷ್ಟೋ ಸಲ ಶಾಕ್ ಹೊಡೆದಿದೆ, ಏನೂ ಆಗಿಲ್ಲ' ಎಂದು ಎದೆ ತಟ್ಟಿಕೊಳ್ಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವರು ಬದುಕಿದ್ದು ಗಟ್ಟಿತನದಿಂದಲ್ಲ, ಒಣ ಚರ್ಮದಿಂದ. ಒಣಗಿದ ದಪ್ಪ ಚರ್ಮ ಹತ್ತಾರು ಸಾವಿರ ಓಮ್‌ಗಳಷ್ಟು ತಡೆಯೊಡ್ಡುತ್ತದೆ. 50 ಸಾವಿರ ಓಮ್ ಎಂದಿಟ್ಟುಕೊಂಡರೆ ನಮ್ಮ ಮನೆಯ 230 ವೋಲ್ಟು ಐದು ಮಿಲಿ ಆಂಪಿಯರನ್ನೂ ಹರಿಸಲಾರದು. ಬೆವರಿದಾಗ, ಮಳೆಯಲ್ಲಿ ನೆನೆದಾಗ, ಗೋಡೆಗೆ ನೀರು ಹೊಡೆದ ಕಡೆ ಬರಿಗಾಲಲ್ಲಿ ನಿಂತಾಗ ಆ ತಡೆ ಸುಮಾರು ಒಂದು ಸಾವಿರ ಓಮ್‌ಗೆ ಇಳಿಯುತ್ತದೆ. ಆಗ ಹರಿಯುವುದು 230 ಮಿಲಿ ಆಂಪಿಯರ್. ಅದೇ ಮನುಷ್ಯ, ಅದೇ ವೈರು. ನಿನ್ನೆ ಜುಮ್ಮೆಂದದ್ದು ಇವತ್ತು ಜೀವ ತೆಗೆಯುತ್ತದೆ.

ಮೂರನೇ ತಂತಿ

ಎಕ್ಸ್‌ಟೆನ್ಷನ್ ವೈರಿನಲ್ಲಿ ಮೂರು ತಂತಿಗಳಿರಬೇಕು. ಫೇಸು, ನ್ಯೂಟ್ರಲ್ಲು, ಅರ್ಥು. ಮೊದಲೆರಡು ಮಷೀನನ್ನು ಓಡಿಸುತ್ತವೆ. ಮೂರನೆಯದು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಇರುತ್ತದೆ. ಸುಮ್ಮನಿರುವವರ ಬೆಲೆ ನಮಗೆ ಗೊತ್ತಾಗುವುದಿಲ್ಲ, ಮನೆಯಲ್ಲೂ ಅಷ್ಟೆ, ವೈರಿನಲ್ಲೂ ಅಷ್ಟೆ. ಮಷೀನಿನ ಒಳಗೆ ಫೇಸ್ ತಂತಿ ಸಡಿಲಗೊಂಡು ಲೋಹದ ಮೈಗೆ ತಗುಲಿತೆನ್ನಿ. ಅರ್ಥ್ ತಂತಿಯಿದ್ದರೆ ಒಮ್ಮೆಲೇ ಭಾರಿ ಕರೆಂಟು ಅದರ ಮೂಲಕ ಹರಿದು ಫ್ಯೂಸು ಹಾರುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಮಷೀನು ಎಂದಿನಂತೆ ಓಡುತ್ತಿರುತ್ತದೆ. ಅದರ ಮೈ ಮಾತ್ರ 230 ವೋಲ್ಟಿನಲ್ಲಿ ಯಾರಾದರೂ ಮುಟ್ಟಲೆಂದು ಕಾದಿರುತ್ತದೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಕಲ್ಲು ಪಾಲಿಶ್ ಮಾಡುತ್ತಿದ್ದ ಹುಡುಗನೊಬ್ಬನನ್ನು ಆಟೊದಲ್ಲಿ ನನ್ನಲ್ಲಿಗೆ ತಂದರು. ಇಪ್ಪತ್ತೆರಡರ ಪ್ರಾಯವಿರಬಹುದು. ಬಲ ಅಂಗೈಯಲ್ಲಿ ರೂಪಾಯಿ ನಾಣ್ಯದಷ್ಟು ಸುಟ್ಟ ಗುರುತು, ಮೈಮೇಲೆ ಇನ್ನೊಂದು ಗಾಯವಿಲ್ಲ. ನಾಡಿಯೂ ಇರಲಿಲ್ಲ. ಜೊತೆಯಲ್ಲಿ ಬಂದಿದ್ದ ಮನೆಯ ಯಜಮಾನರು ಕೈ ಕೈ ಹಿಸುಕಿಕೊಳ್ಳುತ್ತ, 'ಡಾಕ್ಟ್ರೇ, ಮನೆಗೆ ಅರ್ಥಿಂಗ್ ಮಾಡಿಸಿದ್ದೀನಿ. ಎರಡೆರಡು ಗುಂಡಿ ತೆಗೆಸಿದ್ದೀನಿ. ಹೀಗೆ ಹೇಗಾಯ್ತು?' ಎಂದು ಕೇಳುತ್ತಲೇ ಇದ್ದರು. ಅವರ ಮಾತು ಸುಳ್ಳಲ್ಲ. ಮನೆಯ ಅರ್ಥಿಂಗ್ ಸರಿಯಾಗಿಯೇ ಇತ್ತು. ಆದರೆ ಗೋಡೆಯ ಸಾಕೆಟ್ಟಿನಿಂದ ಮಷೀನಿನವರೆಗೆ ಹೋಗಿದ್ದ ವೈರಿನಲ್ಲಿ ಎರಡೇ ತಂತಿ ಇದ್ದವು ಎಂದು ಆಮೇಲೆ ತಿಳಿಯಿತು. ಎರಡು ಗುಂಡಿಯ ಅರ್ಥಿಂಗ್ ಗೋಡೆಯ ಸಾಕೆಟ್ಟಿಗೇ ಮುಗಿದುಹೋಗಿತ್ತು.

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮ ಯಾವುದೇ ಪೇಟೆಯಲ್ಲಿ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ನೋಡಿ. ದುಂಡನೆಯ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸುತ್ತಿಕೊಳ್ಳುವ ವೈರು, ಡಬ್ಬಿಯ ಮೇಲೆ ಮೂರು ತೂತಿನ ಸಾಕೆಟ್ಟು. ಆದರೆ ವೈರಿನ ಇನ್ನೊಂದು ತುದಿಗೆ ಎರಡು ಪಿನ್ನಿನ ಪ್ಲಗ್ಗು! ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ತೂತು ಬರೀ ತೋರಿಕೆಗೆ. ಕೊಂಡವನು ಮೂರು ಪಿನ್ನು ಸಲೀಸಾಗಿ ಕೂತಿತೆಂದು ನೆಮ್ಮದಿಯಿಂದ ಸ್ವಿಚ್ ಹಾಕುತ್ತಾನೆ. ಮಾತ್ರೆಯ ಪೊಟ್ಟಣದೊಳಗೆ ಸೀಮೆಸುಣ್ಣ ತುಂಬಿ ಮಾರಿದರೆ ನಾವು ಸುಮ್ಮನಿರುತ್ತೇವೆಯೇ? ಇದೂ ಅದೇ ಬಗೆಯ ಮೋಸ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅರ್ಥ್ ಇಲ್ಲದ ಕಡೆ ಕೆಲವರು ಬೋರ್ಡಿನೊಳಗೆ ನ್ಯೂಟ್ರಲ್ ತಂತಿಯನ್ನೇ ಅರ್ಥ್ ಪಿನ್ನಿಗೂ ಸೇರಿಸಿಬಿಡುತ್ತಾರೆ. ನ್ಯೂಟ್ರಲ್ ತಂತಿ ಎಲ್ಲಾದರೂ ಕಡಿದುಹೋದರೆ, ಅಥವಾ ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದರೆ, ಮಷೀನಿನ ಮೈಯೆಲ್ಲ ಫೇಸ್ ಆಗುತ್ತದೆ. ಯಾವ ಕಾರಣಕ್ಕೂ ಹೀಗೆ ಮಾಡಿಸಬೇಡಿ.

ಒಂದು ವಿನಾಯಿತಿಯನ್ನು ಹೇಳಲೇಬೇಕು. ಈಗಿನ ಒಳ್ಳೆಯ ಡ್ರಿಲ್ಲುಗಳಲ್ಲಿ ಎರಡು ಪಿನ್ನಿನ ಪ್ಲಗ್ಗೇ ಇರುತ್ತದೆ. ಅಂಥವುಗಳ ಲೇಬಲ್ಲಿನ ಮೇಲೆ ಚೌಕದೊಳಗೊಂದು ಚೌಕದ ಚಿಹ್ನೆಯಿದ್ದರೆ ಅವು ಎರಡು ಪದರದ ಇನ್ಸುಲೇಷನ್ ಇರುವ ಮಷೀನುಗಳು ಎಂದರ್ಥ. ಅವಕ್ಕೆ ಅರ್ಥ್ ಬೇಕಿಲ್ಲ. ಆದರೆ ಇವತ್ತು ಡ್ರಿಲ್ಲಿಗೆ ಹಾಕಿದ ವೈರನ್ನೇ ನಾಳೆ ನೀರಿನ ಪಂಪಿಗೋ, ಪಾಲಿಶ್ ಮಷೀನಿಗೋ, ಮನೆಯ ಗ್ರೈಂಡರಿಗೋ ಹಾಕುತ್ತೇವಲ್ಲ? ಹಾಗಾಗಿ ವೈರು ಮಾತ್ರ ಯಾವಾಗಲೂ ಮೂರು ತಂತಿಯದೇ ಆಗಿರಲಿ.

ತಂತಿ ಎಷ್ಟು ದಪ್ಪವಿರಬೇಕು?

ಸಣ್ಣ ಪೈಪಿನಲ್ಲಿ ಹೆಚ್ಚು ನೀರು ನುಗ್ಗಿಸಲಾಗದು. ಕರೆಂಟಿನದೂ ಹೆಚ್ಚುಕಡಿಮೆ ಅದೇ ಕಥೆ. ನಿಮ್ಮ ಮಷೀನು ಎಷ್ಟು ಕರೆಂಟು ಎಳೆಯುತ್ತದೆಂದು ತಿಳಿಯಲು ಅದರ ಮೇಲೆ ಬರೆದಿರುವ ವ್ಯಾಟನ್ನು 230ರಿಂದ ಭಾಗಿಸಿ. 600 ವ್ಯಾಟಿನ ಡ್ರಿಲ್ಲಿಗೆ ಮೂರು ಆಂಪಿಯರಿಗಿಂತ ಕಡಿಮೆ ಸಾಕು. 1,400 ವ್ಯಾಟಿನ ಮಾರ್ಬಲ್ ಕಟ್ಟರಿಗೆ ಆರು ಆಂಪಿಯರ್. 2,000 ವ್ಯಾಟಿನ ದೊಡ್ಡ ಗ್ರೈಂಡರಿಗೆ ಸುಮಾರು ಒಂಬತ್ತು. ಸ್ವಿಚ್ ಹಾಕಿದ ಕ್ಷಣದಲ್ಲಿ ಮೋಟಾರು ಇದರ ಕೆಲವು ಪಟ್ಟು ಎಳೆಯುತ್ತದೆ.

ಅಂಗಡಿಯಲ್ಲಿ ವೈರಿನ ದಪ್ಪವನ್ನು ಸ್ಕ್ವೇರ್ ಎಂಎಂನಲ್ಲಿ ಹೇಳುತ್ತಾರೆ. ಬಳುಕುವ ತಾಮ್ರದ ವೈರಿನಲ್ಲಿ ಮುಕ್ಕಾಲು ಸ್ಕ್ವೇರ್ ಎಂಎಂನದು ಹೆಚ್ಚೆಂದರೆ ಆರೇಳು ಆಂಪಿಯರ್, ಒಂದೂವರೆಯದು ಸುಮಾರು 14, ಎರಡೂವರೆಯದು ಸುಮಾರು 19 ಆಂಪಿಯರ್ ತಾಳುತ್ತದೆ. ಇದರ ಜೊತೆಗೆ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಮುಕ್ಕಾಲು ಸ್ಕ್ವೇರ್ ಎಂಎಂನ 30 ಮೀಟರ್ ವೈರಿನಲ್ಲಿ ಹತ್ತು ಆಂಪಿಯರ್ ಹರಿಸಿದರೆ, ಹೋಗಿ ಬರುವ ದಾರಿ ಸೇರಿ ಸುಮಾರು 15 ವೋಲ್ಟು ವೈರಿನಲ್ಲೇ ಕಳೆದುಹೋಗುತ್ತದೆ. ಜೊತೆಗೆ 150 ವ್ಯಾಟಿನಷ್ಟು ಶಾಖ ವೈರಿನ ಉದ್ದಕ್ಕೂ ಹುಟ್ಟುತ್ತದೆ. ಒಂದೂವರೆ ಸ್ಕ್ವೇರ್ ಎಂಎಂ ಆದರೆ ಇದು ಅರ್ಧಕ್ಕಿಳಿಯುತ್ತದೆ. ವೋಲ್ಟೇಜು ಇಳಿದರೆ ಕಟ್ಟರಿನ ವೇಗ ತಗ್ಗಿ ಬ್ಲೇಡು ಕಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲಸಗಾರ ಇನ್ನಷ್ಟು ಒತ್ತುತ್ತಾನೆ. ಕೈಜಾರುವುದು ಆಗಲೇ. ಬೆರಳು ಕುಯ್ದುಕೊಂಡು ಬರುವವರಲ್ಲಿ ಕೆಲವರ ಗಾಯದ ಮೂಲ ಬ್ಲೇಡಿನಲ್ಲಲ್ಲ, ಸಣಕಲು ವೈರಿನಲ್ಲಿರುತ್ತದೆ.

ನೆನಪಿಡಲು ಸುಲಭವಾಗಿ ಹೇಳುವುದಾದರೆ, ಹತ್ತು ಮೀಟರೊಳಗೆ ಸಣ್ಣ ಡ್ರಿಲ್ಲಿಗೆ ಒಂದು ಸ್ಕ್ವೇರ್ ಎಂಎಂ ಸಾಕು. 30 ಮೀಟರ್‌ವರೆಗೆ, 1,500 ವ್ಯಾಟ್‌ವರೆಗಿನ ಕೆಲಸಕ್ಕೆ ಒಂದೂವರೆ. ಅದಕ್ಕಿಂತ ದೊಡ್ಡ ಮಷೀನು ಅಥವಾ ಉದ್ದದ ವೈರಿಗೆ ಎರಡೂವರೆ ಸ್ಕ್ವೇರ್ ಎಂಎಂ. ವೆಲ್ಡಿಂಗ್ ಸೆಟ್ಟನ್ನಂತೂ ಮನೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಲೇಬಾರದು. ಅದಕ್ಕೆ ಬಲ್ಲವರಿಂದ ಬೇರೆ ಲೈನು ಕೊಡಿಸಬೇಕು.

ವೈರನ್ನು ಸುರುಳಿ ಸುತ್ತಿದಂತೆಯೇ ಬಳಸುವುದು ಇನ್ನೊಂದು ಅಪಾಯ. ಬೇಕಾದದ್ದು ಐದು ಮೀಟರ್ ಎಂದು ಅಷ್ಟನ್ನೇ ಬಿಚ್ಚಿ, ಉಳಿದ 25 ಮೀಟರನ್ನು ಡಬ್ಬಿಯಲ್ಲೇ ಬಿಡುತ್ತೇವೆ. ಒಳಗಿನ ಸುತ್ತುಗಳ ಶಾಖಕ್ಕೆ ಹೊರಬರಲು ದಾರಿಯಿಲ್ಲ. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ತಾಳಿಕೊಳ್ಳುವಂಥದ್ದು. ಅದನ್ನು ಮೀರಿದರೆ ಮೆತ್ತಗಾಗಿ, ಕರಗಿ, ತಂತಿಗೆ ತಂತಿ ತಗುಲಿ ಬೆಂಕಿ ಹತ್ತುತ್ತದೆ. ಉರಿಯುವ ಪಿವಿಸಿಯ ಹೊಗೆಯಲ್ಲಿ ಶ್ವಾಸಕೋಶವನ್ನು ಸುಡುವ ಆಮ್ಲವೂ ಕಾರ್ಬನ್ ಮೊನಾಕ್ಸೈಡೂ ಇರುತ್ತವೆ. ಮನೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟ ಗಾಯಕ್ಕಿಂತ ಮೊದಲು ಹೊಗೆಯೇ ಎಷ್ಟೋ ಜನರನ್ನು ಕೊಲ್ಲುತ್ತದೆ. ಆದ್ದರಿಂದ ದೂರ ಎಷ್ಟೇ ಇರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿ.

ಫ್ಯೂಸು ಇದೆಯಲ್ಲ?

'ಮನೆಗೆ ಎಂಸಿಬಿ ಹಾಕಿಸಿದ್ದೇವೆ, ಇನ್ನೇನು ಭಯ?' ಎನ್ನುವವರಿದ್ದಾರೆ. ಎಂಸಿಬಿ ಇರುವುದು ವೈರನ್ನು ಕಾಯಲು, ನಿಮ್ಮನ್ನಲ್ಲ. ಹದಿನಾರು ಆಂಪಿಯರಿನ ಎಂಸಿಬಿ ಹದಿನಾರು ಆಂಪಿಯರ್ ದಾಟದೆ ಅಲುಗಾಡುವುದಿಲ್ಲ. ಮನುಷ್ಯನ ಮೂಲಕ ಹರಿಯುವ ಕಾಲು ಆಂಪಿಯರ್ ಅದರ ಕಣ್ಣಿಗೇ ಬೀಳದು. ವೈರಿನ ಕಾವಲೂ ಪೂರ್ತಿಯಲ್ಲ. ಏಳು ಆಂಪಿಯರಿನ ಸಣ್ಣ ವೈರನ್ನು ಹದಿನಾರರ ಪಾಯಿಂಟಿಗೆ ಚುಚ್ಚಿದರೆ, ವೈರು ಕಾದು ಕರಗುತ್ತಿದ್ದರೂ ಎಂಸಿಬಿ ಸುಮ್ಮನಿರುತ್ತದೆ. ಇಂಗ್ಲೆಂಡಿನಲ್ಲಿ ಪ್ರತಿ ಪ್ಲಗ್ಗಿನೊಳಗೇ ಒಂದು ಪುಟ್ಟ ಫ್ಯೂಸ್ ಇರುತ್ತದೆ. ನಮ್ಮ ಪ್ಲಗ್ಗುಗಳಲ್ಲಿ ಅದಿಲ್ಲ.

ಮನುಷ್ಯನನ್ನು ಕಾಯುವ ಸಾಧನವೇ ಬೇರೆ. ಅದರ ಹೆಸರು ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೇ ಪ್ರಮಾಣದಲ್ಲಿ ವಾಪಸು ಬರುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರಿನಷ್ಟು ಬೇರೆ ದಾರಿ ಹಿಡಿದರೂ ಸೆಕೆಂಡಿನ ಅಲ್ಪ ಭಾಗದಲ್ಲಿ ಲೈನು ಕತ್ತರಿಸುತ್ತದೆ. ಆ ಬೇರೆ ದಾರಿ ಎಂದರೆ ನಿಮ್ಮ ದೇಹವೂ ಇರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ ಮನುಷ್ಯ ಎಷ್ಟು ಕರೆಂಟಿನವರೆಗೆ ಹಿಡಿದ ತಂತಿಯನ್ನು ಬಿಡಬಲ್ಲ ಎಂಬುದನ್ನು ಸ್ವಯಂಸೇವಕರ ಮೇಲೆ ಅಳೆದು ನೋಡಿದವರು. 1961ರಲ್ಲಿ ಅವರು ಇದೇ ತತ್ವದ ಸಾಧನವನ್ನು ಅಲ್ಲಿನ ಬಳಕೆಗೆ ರೂಪಿಸಿದರು. ಬ್ರಿಟನ್ನಿನಲ್ಲಿ ಕಟ್ಟಡದ ಕೆಲಸಕ್ಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಟ್ರಾನ್ಸ್‌ಫಾರ್ಮರ್ ಮೂಲಕ 110 ವೋಲ್ಟಿಗೆ ಇಳಿಸಿ ಮಷೀನು ಓಡಿಸುವ ಪದ್ಧತಿಯಿದೆ. ಅಲ್ಲಿ ಫೇಸ್ ಮುಟ್ಟಿದರೂ ಭೂಮಿಗೆ ಸಿಗುವುದು 55 ವೋಲ್ಟು ಮಾತ್ರ.

ನಮ್ಮ ಮನೆಗಳಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸಾಕು. ಅದರ ಖರ್ಚು ಕೆಲವು ಸಾವಿರ ರೂಪಾಯಿ. ಆದರೆ ಅದೂ ದೇವರಲ್ಲ. ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ಲು ಹಿಡಿದವನನ್ನು ಅದು ಗುರುತಿಸಲಾರದು. ಅರ್ಥ್ ತಂತಿಯಿದ್ದರೆ ಅದು ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ. ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.

ಕೊಳ್ಳುವಾಗ, ಬಳಸುವಾಗ

1. ಮೂರು ತಂತಿಯ, ಮೇಲೊಂದು ದುಂಡು ಹೊದಿಕೆಯಿರುವ ತಾಮ್ರದ ವೈರನ್ನೇ ಕೇಳಿ. ಹುರಿಹಾಕಿದ ಜೋಡಿ ವೈರು, ಚಪ್ಪಟೆಯ ಎರಡೆಳೆ ವೈರು ಬೇಡ.

2. ವೈರು, ಪ್ಲಗ್ಗು, ಸಾಕೆಟ್ಟು ಮೂರರ ಮೇಲೂ ಐಎಸ್‌ಐ ಗುರುತಿರಲಿ. ವೈರಿಗೆ ಐಎಸ್ 694, ಪ್ಲಗ್ಗು ಸಾಕೆಟ್ಟುಗಳಿಗೆ ಐಎಸ್ 1293 ಎಂಬ ಸಂಖ್ಯೆಗಳನ್ನು ನೋಡಿ. ಗುರುತಿನ ಕೆಳಗೆ ಸಿಎಂ/ಎಲ್ ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಹಾಕಿಕೊಂಡರೆ ಆ ಸಂಖ್ಯೆ ಅಸಲಿಯೇ ಎಂದು ಪರೀಕ್ಷಿಸಬಹುದು.

3. ಅಂಗಡಿಯವರೆದುರೇ ಬೋರ್ಡನ್ನು ಬಿಚ್ಚಿಸಿ ತಂತಿ ಎಣಿಸಿ. ಹಸಿರು ಹಳದಿ ಗೆರೆಯ ತಂತಿ ಪ್ಲಗ್ಗಿನ ದಪ್ಪ ಪಿನ್ನಿನಿಂದ ಸಾಕೆಟ್ಟಿನ ದೊಡ್ಡ ತೂತಿನವರೆಗೆ ಹೋಗಿರಬೇಕು. ಮುಜುಗರ ಬೇಡ. ಸೀರೆಯನ್ನು ಬಿಚ್ಚಿಸಿ ನೋಡದೆ ಕೊಳ್ಳುತ್ತೇವೆಯೇ?

4. ಆರು ಆಂಪಿಯರ್ ಮೀರುವ ಮಷೀನಿಗೆ ಹದಿನಾರು ಆಂಪಿಯರಿನ ಪ್ಲಗ್ಗು, ಸಾಕೆಟ್ಟೇ ಬೇಕು. ಟಿವಿ, ಕಂಪ್ಯೂಟರಿಗೆಂದು ಕೊಂಡ ಸ್ಪೈಕ್ ಗಾರ್ಡ್ ಈ ಕೆಲಸಕ್ಕಲ್ಲ.

5. ಒಂದು ಬೋರ್ಡಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ರೈಲು ಬೋಗಿಯಂತೆ ಜೋಡಿಸಬೇಡಿ. ಸಾಕಷ್ಟು ಉದ್ದದ ಒಂದೇ ವೈರು ತನ್ನಿ.

6. ಪ್ಲಗ್ಗಿಲ್ಲದ ಬರಿ ತಂತಿಯನ್ನು ಸಾಕೆಟ್ಟಿಗೆ ತೂರಿಸಿ ಬೆಂಕಿಕಡ್ಡಿ ಚುಚ್ಚುವ ಪರಿಪಾಠವನ್ನು ಮನೆಯೊಳಗೆ ಬಿಡಲೇಬೇಡಿ. ಅಲ್ಲಿ ಅರ್ಥೂ ಇಲ್ಲ, ಬಿಗಿಯೂ ಇಲ್ಲ. ಯಾರೋ ಎಡವಿದರೆ ಜೀವಂತ ತಂತಿ ನೆಲಕ್ಕೆ ಬೀಳುತ್ತದೆ.

7. ಹೊದಿಕೆ ಹರಿದಿದ್ದರೆ ಟೇಪಿನ ಉಪಚಾರ ಸಾಲದು. ಆ ಭಾಗವನ್ನು ಕತ್ತರಿಸಿ ತೆಗೆಸಿ ಅಥವಾ ಹೊಸ ವೈರು ತನ್ನಿ. ಪ್ಲಗ್ಗು ಕೈಗೆ ಬಿಸಿ ಹತ್ತುತ್ತಿದ್ದರೆ ಅಥವಾ ಕಂದುಬಣ್ಣಕ್ಕೆ ತಿರುಗಿದ್ದರೆ ಅದು ರೋಗದ ಮೊದಲ ಲಕ್ಷಣ ಎಂದು ತಿಳಿಯಿರಿ.

8. ಬಾಗಿಲ ಸಂದಿಯಲ್ಲಿ, ಚಾಪೆಯಡಿಯಲ್ಲಿ, ನೀರು ನಿಂತ ಕಡೆ ವೈರು ಹಾಯಿಸಬೇಡಿ. ಮಳೆ ಬಂದರೆ ಹೊರಗಿನ ಕೆಲಸ ನಿಲ್ಲಿಸಿ. ಹವಾಯಿ ಚಪ್ಪಲಿಯಾದರೂ ಸರಿ, ಬರಿಗಾಲು ಮಾತ್ರ ಬೇಡ.

ಮಕ್ಕಳ ಬಾಯಿಯ ಗಾಯ

ಅಂಬೆಗಾಲಿಡುವ ಮಕ್ಕಳಿರುವ ಮನೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಸ್ವಿಚ್ ಹಾಕಿದ್ದ ಎಕ್ಸ್‌ಟೆನ್ಷನ್ ವೈರಿನ ತುದಿಯನ್ನು ಮಗು ಬಾಯಿಗಿಟ್ಟುಕೊಂಡರೆ ಜೊಲ್ಲಿನ ಮೂಲಕ ಕರೆಂಟು ಹಾದು ತುಟಿಯ ಅಂಚು ಸುಡುತ್ತದೆ. ನರಗಳೂ ಸುಡುವುದರಿಂದ ನೋವು ಹೆಚ್ಚಿರುವುದಿಲ್ಲ. ಬೂದಿ ಬಣ್ಣದ ಸಣ್ಣ ಕಲೆಯಷ್ಟೇ ಕಾಣುತ್ತದೆ. 'ಬೆಣ್ಣೆ ಹಚ್ಚಿದರೆ ಹೋಗುತ್ತೆ' ಎಂದು ಸುಮ್ಮನಾಗುತ್ತಾರೆ. ಆದರೆ ಒಂದೆರಡು ವಾರಗಳ ಒಳಗೆ ಆ ಸತ್ತ ಚರ್ಮ ಕಳಚಿದಾಗ ಅಡಿಯ ರಕ್ತನಾಳ ತೆರೆದುಕೊಂಡು ಧಾರಾಕಾರ ರಕ್ತ ಸುರಿಯಬಹುದು. ಹಾಗಾದಾಗ ತುಟಿಯನ್ನು ಒಳಗಿನಿಂದಲೂ ಹೊರಗಿನಿಂದಲೂ ಬೆರಳುಗಳ ನಡುವೆ ಗಟ್ಟಿಯಾಗಿ ಒತ್ತಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ. ಗಾಯ ಎಷ್ಟೇ ಚಿಕ್ಕದಿದ್ದರೂ ಮೊದಲ ದಿನವೇ ವೈದ್ಯರಿಗೆ ತೋರಿಸಿ. ಕೆಲಸ ಮುಗಿದ ಕೂಡಲೇ ವೈರನ್ನು ಗೋಡೆಯ ಕಡೆಯಿಂದ ಕಿತ್ತು ಸುತ್ತಿ ಮೇಲಿಡುವುದು ಎಲ್ಲಕ್ಕಿಂತ ಒಳ್ಳೆಯ ಮದ್ದು.

ಶಾಕ್ ಹೊಡೆದಾಗ

ಮೊದಲು ಮೈನ್ ಆಫ್ ಮಾಡಿ ಅಥವಾ ಪ್ಲಗ್ ಕೀಳಿ. ಅದಕ್ಕೆ ಮುನ್ನ ಅವರನ್ನು ಮುಟ್ಟಬೇಡಿ. ಒಬ್ಬರನ್ನು ಬಿಡಿಸಲು ಹೋಗಿ ಇಬ್ಬರು ಸಾಯುವುದುಂಟು. ಮೈನ್ ದೂರವಿದ್ದರೆ ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ವೈರನ್ನು ದೂಡಿ. ಉಸಿರಿಲ್ಲದಿದ್ದರೆ 108ಕ್ಕೆ ಫೋನು ಮಾಡಲು ಒಬ್ಬರಿಗೆ ಹೇಳಿ, ಅಂಗಾತ ಮಲಗಿಸಿ ಎದೆಯ ನಡುಮಧ್ಯೆ ಎರಡೂ ಅಂಗೈಯನ್ನು ಒಂದರ ಮೇಲೊಂದಿಟ್ಟು ಒತ್ತತೊಡಗಿ. ಎದೆ ಸುಮಾರು ಎರಡು ಅಂಗುಲ ತಗ್ಗಬೇಕು, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಮಣ್ಣಿನಲ್ಲಿ ಹೂಳುವುದು, ಮೈಮೇಲೆ ನೀರು ಸುರಿಯುವುದು, ಬಾಯಿಗೆ ಏನಾದರೂ ಹಾಕುವುದು, ಇವೆಲ್ಲ ಅಮೂಲ್ಯ ನಿಮಿಷಗಳನ್ನು ಕಳೆಯುವ ದಾರಿಗಳು.

ಎದ್ದು ಕೂತು ಮಾತಾಡಿದರೆಂದು ಮನೆಗೆ ಕಳಿಸಿಬಿಡಬೇಡಿ. ಪ್ರಜ್ಞೆ ತಪ್ಪಿದ್ದವರು, ಎದೆ ನೋವು, ಎದೆ ಬಡಿತ ಎನ್ನುವವರು, ಸುಟ್ಟ ಗುರುತಿರುವವರು, ಏಣಿಯಿಂದ ಬಿದ್ದವರು, ಗರ್ಭಿಣಿಯರು ಮತ್ತು ಮಕ್ಕಳನ್ನು ವೈದ್ಯರು ನೋಡಲೇಬೇಕು, ಇಸಿಜಿ ತೆಗೆಸಬೇಕು. ಹೊರಗೆ ಗುಂಡಿಯಷ್ಟು ಸುಟ್ಟಿದ್ದರೂ ಒಳಗೆ ಸ್ನಾಯುಗಳು ಬೆಂದಿರಬಹುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಗಳಿಗೆ ಅಪಾಯ ಬಂದಿದೆ ಎಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೊಣೆ ಯಾರದು?

'ವೈರು ತರುವುದು ಕೆಲಸದವರು, ನಾವೇನು ಮಾಡೋಣ?' ಎಂಬ ಪ್ರಶ್ನೆ ಏಳುತ್ತದೆ. ಮೇಸ್ತ್ರಿಯನ್ನು ಕೇಳಿದರೆ ಕಂಟ್ರ್ಯಾಕ್ಟರು ಕೊಡಿಸಬೇಕೆನ್ನುತ್ತಾರೆ, ಕಂಟ್ರ್ಯಾಕ್ಟರನ್ನು ಕೇಳಿದರೆ ಹುಡುಗರು ಕೇಳುವುದಿಲ್ಲ ಎನ್ನುತ್ತಾರೆ. ದಿನಗೂಲಿಗೆ ಬಂದ ಹುಡುಗ 'ಈ ವೈರಿನಲ್ಲಿ ಕೆಲಸ ಮಾಡಲ್ಲ ಸಾರ್' ಎಂದರೆ ನಾಳೆಯಿಂದ ಅವನಿಗೆ ಕೆಲಸವಿರುವುದಿಲ್ಲ. ಹಾಗೆ ಹೇಳುವ ಅಧಿಕಾರವಿರುವುದು ಮನೆಯ ಯಜಮಾನರಿಗೆ, ಯಜಮಾನತಿಗೆ. ಚದರಡಿಗೆ ಇಷ್ಟೆಂದು ಗ್ರಾನೈಟು ಆರಿಸಲು ಮೂರು ಊರು ಸುತ್ತುವ ನಾವು, ಆ ಗ್ರಾನೈಟು ಕುಯ್ಯುವವನ ಕೈಗೆ ಹೋಗುವ ವೈರಿಗೆ ಒಂದು ನಿಮಿಷ ಕೊಡಲಾರೆವೇ? ನನ್ನ ಅಭಿಪ್ರಾಯದಲ್ಲಿ ಮನೆ ಕಟ್ಟಿಸುವ ಪ್ರತಿಯೊಬ್ಬರೂ ಒಂದು ಒಳ್ಳೆಯ ಮೂರು ತಂತಿಯ ಎಕ್ಸ್‌ಟೆನ್ಷನ್ ಬೋರ್ಡನ್ನು, ಆರ್‌ಸಿಸಿಬಿ ಕೂರಿಸಿ, ತಾವೇ ಮಾಡಿಸಿಟ್ಟುಕೊಳ್ಳಬೇಕು. 'ನಮ್ಮ ಮನೆಯಲ್ಲಿ ಈ ಬೋರ್ಡಿನಿಂದಲೇ ಕೆಲಸ' ಎಂದು ಮೊದಲ ದಿನವೇ ಹೇಳಬೇಕು. ಕೆಲಸ ಮುಗಿದ ಮೇಲೂ ಅದು ಮನೆಗೆ ಉಪಯೋಗಕ್ಕೆ ಬರುತ್ತದೆ.

ಇನ್ನು ಮೂರು ತೂತಿಟ್ಟು ಎರಡು ತಂತಿ ಮಾರುವವರ ವಿಷಯ. ಇದನ್ನು ತಡೆಯಬೇಕಾದದ್ದು ಸರ್ಕಾರದ ಕೆಲಸ. ಅಂಥದ್ದು ಕಂಡರೆ ಭಾರತೀಯ ಮಾನಕ ಬ್ಯೂರೊಗೆ ದೂರು ಕೊಡಲು ಎಲ್ಲರಿಗೂ ಹಕ್ಕಿದೆ. ಆದರೆ ದೂರಿಗಿಂತಲೂ ಬೇಗ ನಾಟುವುದು ಗಿರಾಕಿಯ ಮಾತು. ಹತ್ತು ಜನ ಗಿರಾಕಿಗಳು 'ಅರ್ಥ್ ಇಲ್ಲದ್ದು ಬೇಡ' ಎಂದು ವಾಪಸು ಕೊಟ್ಟರೆ ಹನ್ನೊಂದನೆಯವರಿಗೆ ಅಂಗಡಿಯವರು ಅದನ್ನು ತೋರಿಸುವುದಿಲ್ಲ.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಡ್ರಿಲ್ಲಿಗೂ ಕಟ್ಟರಿಗೂ ಕುಂಕುಮವಿಟ್ಟು ಹೂ ಮುಡಿಸುವ ಸಂಪ್ರದಾಯ ನಮ್ಮದು. ಕುಂಕುಮ ಇಡುವ ಮೊದಲು ಆ ದಿನ ವೈರನ್ನು ಪೂರ್ತಿ ಬಿಚ್ಚಿ, ಕೈಯಲ್ಲಿ ಸವರಿ ಹರಿದ ಜಾಗ ಹುಡುಕಿ, ಪ್ಲಗ್ಗು ಬಿಚ್ಚಿ ಮೂರೂ ತಂತಿ ಸರಿಯಾಗಿವೆಯೇ ಎಂದು ನೋಡುವ ಪದ್ಧತಿಯನ್ನೂ ಸೇರಿಸಿಕೊಳ್ಳೋಣ. ಹಬ್ಬಕ್ಕೆ ಇನ್ನೂ ದಿನಗಳಿವೆ ಎನ್ನುವವರು ಈ ಭಾನುವಾರವೇ ನೋಡಬಹುದು. ಹತ್ತು ನಿಮಿಷದ ಕೆಲಸ, ಒಂದು ಸ್ಕ್ರೂ ಡ್ರೈವರ್ ಸಾಕು. ಬಿಚ್ಚುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿರಬೇಕು, ಅಷ್ಟೆ.